ಮನೆ ರಿಪೇರಿಗೆ ಎರಡು ಲೆಕ್ಕ

ದೀಪಾವಳಿ ಕಳೆಯಿತೆಂದರೆ ದುಬೈ, ಶಾರ್ಜಾಗಳಲ್ಲಿರುವ ಕರಾವಳಿಯವರ ಮಾತು ಊರಿನ ಮನೆಯತ್ತ ಹೊರಳುತ್ತದೆ. ಒಬ್ಬರಿಗೆ ಮಾಡು ಸೋರುವ ಚಿಂತೆ, ಇನ್ನೊಬ್ಬರಿಗೆ ಗೋಡೆ ಬಿರುಕು ಬಿಟ್ಟ ಚಿಂತೆ. ಜೂನ್ ಮಳೆ ಹಿಡಿಯುವ ಮೊದಲು ಕೆಲಸ ಮುಗಿಯಬೇಕು, ಕೈಯಲ್ಲಿರುವುದು ಆರೇಳು ತಿಂಗಳು. ಹಣ ಇಲ್ಲಿಂದ ಹೋಗುತ್ತದೆ, ಕೆಲಸ ಅಲ್ಲಿ ನಡೆಯುತ್ತದೆ. ನಡುವೆ ಇರುವುದು ಒಂದು ಫೋನು.

ನಾನು ದುಬೈಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವವನು. ಸಿ.ಎ. ಓದಿದ್ದೇನೆ ಎಂಬ ಕಾರಣಕ್ಕೆ ಊರ ಕಡೆಯ ಸ್ನೇಹಿತರು ತಮ್ಮ ಮನೆ ಖರ್ಚಿನ ಪಟ್ಟಿಯನ್ನು ನನಗೆ ತೋರಿಸುವುದುಂಟು. ಅವುಗಳಲ್ಲಿ ಒಂದನ್ನು ನಾನು ಮರೆತಿಲ್ಲ. ಬೈಂದೂರು ಕಡೆಯ ಗೆಳೆಯರೊಬ್ಬರದು. ಸಿಮೆಂಟ್ ಚೀಲದಿಂದ ಬಾಗಿಲ ಚಿಲಕದವರೆಗೆ ಪ್ರತಿಯೊಂದಕ್ಕೂ ಬಿಲ್ ಇತ್ತು, ಲೆಕ್ಕ ಪೈಸೆಗೆ ಪೈಸೆ ತಾಳೆಯಾಗುತ್ತಿತ್ತು. ಆದರೆ ಮನೆ ಮುಗಿಯುವ ಹೊತ್ತಿಗೆ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತ್ತು. ದಿನಾ ಸಂಜೆ ಬಿಲ್ಲಿನ ಫೋಟೊ ಕಳಿಸಿ ಬೇಸತ್ತ ತಮ್ಮ, “ನಾನೇನು ನಿನ್ನ ಗುಮಾಸ್ತನಾ?” ಎಂದು ಕೇಳಿದ್ದನಂತೆ. ಎರಡು ವರ್ಷ ಆತ ಬಿಸಿಲಲ್ಲಿ ನಿಂತು ಕೆಲಸ ಮಾಡಿಸಿದ್ದ. ಅದರ ಬಗ್ಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ.

ಕುಂದಾಪುರದ ಬಳಿ ಇರುವ ನಮ್ಮ ಹಳೆಯ ಮನೆಯ ಕೆಲಸಕ್ಕೆ ಕೈಹಾಕಿದಾಗ ಇದೇ ನೆನಪಾಗಿ ಎರಡು ಲೆಕ್ಕ ಇಟ್ಟೆವು. ಒಂದು ದುಡ್ಡಿನದು, ಇನ್ನೊಂದು ದುಡಿದವರದು.

ಯಾರಿಗಾಗಿ ರಿಪೇರಿ?

ಮನೆಯಲ್ಲಿ ಇರುವವರು 74 ವರ್ಷದ ಅಮ್ಮ, ದಿನಸಿ ಅಂಗಡಿ ಇಟ್ಟುಕೊಂಡಿರುವ ಅಣ್ಣ, ಅತ್ತಿಗೆ. ತಂಗಿ ಹುಬ್ಬಳ್ಳಿಯಲ್ಲಿ. ನಾನು ವರ್ಷಕ್ಕೆ ಮೂರು ವಾರದ ಅತಿಥಿ. ಹೆಂಚು ತೆಗೆದು ಆರ್‌ಸಿಸಿ ಸ್ಲ್ಯಾಬ್ ಹಾಕಬೇಕು, ಮೇಲೊಂದು ಕೋಣೆ ಬೇಕು ಎಂಬುದು ಹೊರಗಿದ್ದವರ ಆಸೆ. ಅಮ್ಮ ಕೇಳಿದ್ದು ಒಂದೇ: ರಾತ್ರಿ ಎದ್ದು ಅಂಗಳ ದಾಟಿ ಹೋಗಬೇಕಾದ ಬಚ್ಚಲು, ಕಕ್ಕಸು ಮನೆಯೊಳಗೆ ಬರಬೇಕು, ಅದಕ್ಕೆ ಹೊಸ್ತಿಲು ಇರಬಾರದು.

ಪಟ್ಟಿಯಲ್ಲಿ ಮೊದಲ ಸಾಲು ಅದೇ ಆಯಿತು. ಜಾರದ ನೆಲ, ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿಕೆ, ಹೊರಕ್ಕೆ ತೆರೆಯುವ ಬಾಗಿಲು. ಒಳಕ್ಕೆ ತೆರೆಯುವ ಬಾಗಿಲಾದರೆ ಒಳಗೆ ಬಿದ್ದವರೇ ಅದಕ್ಕೆ ಅಡ್ಡವಾಗುತ್ತಾರೆ, ಹೊರಗಿನವರು ನೂಕಿ ತೆರೆಯಲಾಗದು. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಮೇಸ್ತ್ರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಮಾಡಿನ ಹೆಂಚು ಉಳಿಸಿಕೊಂಡೆವು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ಮನೆಗಳ ರೂಪವೇ ಬದಲಾಯಿತು. ಒಡೆಯದ ಹೆಂಚನ್ನು ತೊಳೆದು ಮತ್ತೆ ಹೊದೆಸಬಹುದು. ನಮ್ಮಲ್ಲಿ ಹಾಳಾಗಿದ್ದು ಹೆಂಚಲ್ಲ, ಗೆದ್ದಲು ತಿಂದ ಪಕ್ಕಾಸು ಮತ್ತು ರೀಪುಗಳು. ಹಳೆಯ ಹೆಂಚಿನ ಕಚ್ಚಿಗೆ ಬೇರೆ ಕಾರ್ಖಾನೆಯ ಹೊಸ ಹೆಂಚು ಸರಿಯಾಗಿ ಕೂರಲಿಕ್ಕಿಲ್ಲ ಎಂದು ಮೇಸ್ತ್ರಿ ಹೇಳಿದ ಮೇಲೆ, ಒಂದು ಇಳಿಜಾರಿಗೆ ಪೂರ್ತಿ ಹಳೆಯದು, ಇನ್ನೊಂದಕ್ಕೆ ಪೂರ್ತಿ ಹೊಸದು ಎಂದಾಯಿತು.

ದುಡ್ಡಿನ ಲೆಕ್ಕ

ಹಣದ ವಿಷಯದಲ್ಲಿ ಮನೆಯವರೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಹೊರದೇಶಕ್ಕೆ ಕೆಲಸಕ್ಕೆ ಹೋದವರು ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ, ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಊರಿನ ಬಾಡಿಗೆ, ಪಿಂಚಣಿಯಂಥ ಹಣ ಅದಕ್ಕೆ ಬರುತ್ತದೆ. ವಿದೇಶದಲ್ಲಿ ದುಡಿದದ್ದು ಎನ್‌ಆರ್‌ಇ ಖಾತೆಗೆ. ಅದರಲ್ಲಿ ಉಳಿದ ಹಣವನ್ನು ಮರಳಿ ಹೊರಗೆ ಒಯ್ಯಲು ಅಡ್ಡಿಯಿಲ್ಲ.

ತಂದೆ ತಾಯಿಗೆ, ಒಡಹುಟ್ಟಿದವರಿಗೆ ಕಳಿಸಿದ ಹಣ ಅವರ ಕೈಯಲ್ಲಿ ತೆರಿಗೆಯ ಆದಾಯವಾಗುವುದಿಲ್ಲ. ಆದರೆ ಆದಾಯ ತೆರಿಗೆ ಕಾನೂನಿನ ‘ಸಂಬಂಧಿ’ ಪಟ್ಟಿಯಲ್ಲಿ ದೊಡ್ಡಪ್ಪನ ಮಗ, ಅತ್ತೆಯ ಮಗ ಇಲ್ಲ. ಇಂಥವರಿಗೆ ಉಡುಗೊರೆಯಾಗಿ ಬಂದ ಹಣ ವರ್ಷಕ್ಕೆ 50,000 ರೂಪಾಯಿ ದಾಟಿದರೆ ತೆರಿಗೆಯ ಪ್ರಶ್ನೆ ಬರುತ್ತದೆ. ಅವರು ನಿಮ್ಮ ಮನೆಯ ಖರ್ಚಿಗಾಗಿ ಹಣ ಇಟ್ಟುಕೊಂಡಿದ್ದರೆ ಅದು ಉಡುಗೊರೆಯಲ್ಲ ಎಂದು ತೋರಿಸುವ ಪತ್ರ, ಬಿಲ್ಲು ಇರಬೇಕು. ಸಿಮೆಂಟ್, ಮರ, ಟೈಲ್ಸ್‌ನಂಥ ದೊಡ್ಡ ಬಾಬತ್ತಿಗೆ ನೇರವಾಗಿ ಅಂಗಡಿಯ ಖಾತೆಗೇ ಹಣ ಹಾಕುವುದು ಸುಲಭದ ದಾರಿ. ಯಾರೇ ಆಗಲಿ ಒಬ್ಬರಿಂದ ಒಂದೇ ದಿನ ಅಥವಾ ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ ಎಂಬುದೂ ನೆನಪಿರಲಿ.

ದಿರ್ಹಂ 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿದೆ. ಡಾಲರ್ ಏರಿದರೆ ನಮ್ಮ ದಿರ್ಹಂಗೂ ಹೆಚ್ಚು ರೂಪಾಯಿ. ಹಾಗೆಂದು ದರ ಏರಲಿ ಎಂದು ಕಾದು ಕೂತರೆ ಊರಲ್ಲಿ ಆಳುಗಳು ಬೇರೆ ಕೆಲಸಕ್ಕೆ ಹೋಗುತ್ತಾರೆ. ನಾವು ಕಂತನ್ನು ಕೆಲಸದ ಹಂತಕ್ಕೆ ಕಟ್ಟಿದೆವು: ಮುಂಗಡ, ಮಾಡು ಮುಗಿದಾಗ, ಗಾರೆ ಮುಗಿದಾಗ, ನೆಲ ಮುಗಿದಾಗ. ಕೊನೆಯ ಹತ್ತನೇ ಒಂದು ಭಾಗ ಮೊದಲ ದೊಡ್ಡ ಮಳೆ ಕಂಡ ಮೇಲೆ. ಮೇಸ್ತ್ರಿ ನಕ್ಕು ಒಪ್ಪಿದರು.

ಬಿಲ್ಲುಗಳನ್ನು ಎಸೆಯಬೇಡಿ. ಮುಂದೊಂದು ದಿನ ಮನೆ ಮಾರಿದರೆ ಹೊಸ ಕೋಣೆ, ಹೊಸ ಬಚ್ಚಲಿನಂಥ ಅಭಿವೃದ್ಧಿಯ ಖರ್ಚನ್ನು ಲಾಭದಿಂದ ಕಳೆಯಬಹುದು. ಬರೀ ಸುಣ್ಣ ಬಣ್ಣದ ಖರ್ಚಿಗೆ ಆ ಅನುಕೂಲ ಇಲ್ಲ. ಮನೆ ಹೊರಗಿರುವವರ ಹೆಸರಿನಲ್ಲೇ ಇದ್ದು ಊರಿನವರಿಗೆ ಅಧಿಕಾರ ಪತ್ರ ಬೇಕಾದರೆ, ಭಾರತದ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಬೇಕು. ಅದು ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಇನ್ನೊಂದು ಮಾತು. ರಿಪೇರಿಗೆ ಹಣ ಹಾಕಿದ್ದರಿಂದಲೇ ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ. ನಮ್ಮ ಮನೆ ಅಮ್ಮನ ಹೆಸರಿನಲ್ಲಿದೆ. ನಾನು ಹಾಕಿದ್ದು ಅಮ್ಮನಿಗೆ ಕೊಟ್ಟದ್ದು, ಮುಂದೆ ಪಾಲು ಕೇಳುವಾಗ ಇದನ್ನು ಎತ್ತುವುದಿಲ್ಲ ಎಂದು ತಂಗಿ, ಅಣ್ಣ ಇಬ್ಬರ ಎದುರಲ್ಲೇ ಹೇಳಿ ಬರೆದಿಟ್ಟೆ. ಬೇರೆ ಮನೆಯಲ್ಲಿ ಬೇರೆ ತೀರ್ಮಾನ ಇರಬಹುದು. ಅದೇನಿದ್ದರೂ ಕೆಲಸ ಶುರುವಾಗುವ ಮೊದಲೇ ಬಾಯಿಬಿಟ್ಟು ಆಡಬೇಕು.

ದುಡಿದವರ ಲೆಕ್ಕ

ಎರಡನೆಯ ಹಾಳೆಯಲ್ಲಿ ಮೂರೇ ಕಲಂ: ದಿನ, ಯಾರು, ಏನು. ಅದನ್ನು ಬರೆಯುವ ಹೊಣೆ ನನ್ನದು. ಅಣ್ಣ ಹೇಳುವುದಿಲ್ಲ, ನಾನೇ ಕೇಳಿ ಬರೆದುಕೊಳ್ಳುತ್ತಿದ್ದೆ. ಮರ ನೋಡಲು ಅಂಗಡಿ ಮುಚ್ಚಿ ಹೋದ ದಿನ. ಪಂಚಾಯಿತಿಗೆ ಹೋಗಿ ಕಾದ ಮಧ್ಯಾಹ್ನ. ಮರಳಿನ ಲಾರಿ ಬಾರದೆ ರಾತ್ರಿ ಒಂಬತ್ತರವರೆಗೆ ರಸ್ತೆ ಬದಿಯಲ್ಲಿ ನಿಂತದ್ದು. ಮೇ ಕೊನೆಗೆ ನೋಡಿದರೆ ಅಣ್ಣ ಸಾಮಾನು ತರಲೆಂದೇ ಕುಂದಾಪುರಕ್ಕೆ 41 ಸಲ ಹೋಗಿ ಬಂದಿದ್ದ.

ಪೆಟ್ರೋಲು, ಫೋನು, ಚಹಾದ ಸಾಮಾನು ಮನೆ ಖಾತೆಯಿಂದಲೇ ಹೋಯಿತು. ಅಣ್ಣನಿಗೆ ಕೂಲಿ ಕೊಡುವ ಮಾತಿಲ್ಲ, ಹಾಗೆ ಹೇಳಿದರೆ ಅದು ಅವಮಾನ. ಆದರೆ ಅಂಗಡಿ ಮುಚ್ಚಿದ ದಿನಗಳ ನಷ್ಟವನ್ನು ಹಣದಲ್ಲಿ ಬರೆದು, ಅದನ್ನು ಅಣ್ಣನ ಪಾಲಿನ ಹೂಡಿಕೆ ಎಂದು ಮೊದಲ ಹಾಳೆಗೂ ಸೇರಿಸಿದೆ. ತಂಗಿ ಹಾಕಿದ ಹಣ, ನಾನು ಹಾಕಿದ ಹಣ, ಅಣ್ಣ ಹಾಕಿದ ದಿನಗಳು ಒಂದೇ ಪಟ್ಟಿಯಲ್ಲಿ ಕೂತವು. ಅಣ್ಣ ಅದನ್ನು ಓದಿ ಏನೂ ಹೇಳಲಿಲ್ಲ. ಮರುದಿನದಿಂದ ಕೇಳದಿದ್ದರೂ ಬಿಲ್ಲಿನ ಫೋಟೊ ಬರತೊಡಗಿತು.

ಕೆಲಸದ ಮಾತು, ಮನೆಯ ಮಾತು

ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆ ನಡೆಯುವುದಿಲ್ಲ, ಇಲ್ಲಿ ಅನುಮತಿ ಇರುವ ಆ್ಯಪ್‌ಗಳನ್ನೇ ಬಳಸಬೇಕು. ಊರಿಗಿಂತ ಒಂದೂವರೆ ಗಂಟೆ ಹಿಂದೆ ಇದ್ದೇವೆ. ನಾನು ಊಟ ಮುಗಿಸಿ ಒಂಬತ್ತಕ್ಕೆ ಫೋನ್ ಮಾಡಿದರೆ ಅಲ್ಲಿ ಹತ್ತೂವರೆ, ಅಮ್ಮ ಮಲಗಿರುತ್ತಾರೆ. ಹಾಗಾಗಿ ಕೆಲಸದ ಮಾತಿಗೆ ಇಲ್ಲಿನ ಬೆಳಿಗ್ಗೆ ಆರೂವರೆ ಗೊತ್ತುಮಾಡಿದೆವು. ಆಗ ಊರಲ್ಲಿ ಎಂಟು, ಮೇಸ್ತ್ರಿ ಬರುವ ಹೊತ್ತು. ಹತ್ತು ನಿಮಿಷದಲ್ಲಿ ಆ ದಿನದ ತೀರ್ಮಾನ ಮುಗಿಯುತ್ತಿತ್ತು.

2022ರಿಂದ ಇಲ್ಲಿ ಶನಿವಾರ, ಭಾನುವಾರ ರಜೆ ಆಗಿರುವುದು ನಮಗೆ ಅನುಕೂಲವಾಯಿತು. ಭಾನುವಾರ ಅಮ್ಮನ ದಿನ. ಅಂದು ಸಿಮೆಂಟು, ಬಿಲ್ಲು, ಮೇಸ್ತ್ರಿ ಯಾವುದೂ ಬರಬಾರದು ಎಂಬ ನಿಯಮ ತಂಗಿ ಮಾಡಿದಳು. ಸುಲಭವಿರಲಿಲ್ಲ. ಮನೆ ಬಿಚ್ಚಿಟ್ಟಿರುವಾಗ ಬೇರೇನು ಮಾತು ಬರುತ್ತದೆ? ಕೆಲವು ವಾರ ಕೆಮ್ಮು, ಔಷಧಿ, ಪಕ್ಕದ ಮನೆಯ ಮದುವೆ ಅಷ್ಟರಲ್ಲೇ ಮಾತು ಮುಗಿಯಿತು.

ಆಮೇಲೆ ಅಮ್ಮನೇ ದಾರಿ ಕಂಡುಕೊಂಡರು. ಮಾಡು ಬಿಚ್ಚುವಾಗ ಒಂದೊಂದು ಮರ ಕೆಳಗಿಳಿದಂತೆ ಅದರ ಸುದ್ದಿಯನ್ನು ಮೊಮ್ಮಗಳಿಗೆ ದನಿ ಸಂದೇಶದಲ್ಲಿ ಕಳಿಸತೊಡಗಿದರು. ಕರೆ ನಡೆಯದಿದ್ದರೂ ದನಿ ಸಂದೇಶ ಬರುತ್ತದೆ. ಯಾವ ಪಕ್ಕಾಸು ಹಿತ್ತಲಿನ ಹಲಸಿನ ಮರದ್ದು, ಯಾವುದನ್ನು ಅಜ್ಜ ಸಾಲ ಮಾಡಿ ತಂದದ್ದು, ಯಾವ ಮಳೆಗೆ ಅಡುಗೆಮನೆಯ ಮೂಲೆ ಕುಸಿದದ್ದು. ಇಲ್ಲಿ ಹುಟ್ಟಿ ಬೆಳೆದ ಮಗಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಅರ್ಥವಾಗದ ಪದಗಳನ್ನು ಪಟ್ಟಿ ಮಾಡಿ ನನ್ನನ್ನು ಕೇಳುತ್ತಿದ್ದಳು: ರೀಪು ಎಂದರೇನು, ಚಾವಡಿ ಎಂದರೇನು. ಗೆದ್ದಲು ಮುಟ್ಟದ ಹಲಸಿನ ತುಂಡಿನಿಂದ ಒಂದು ಬೆಂಚು ಮಾಡಿಸಬೇಕೆಂಬ ಸಲಹೆ ಅವಳದೇ. ಆಚಾರಿ ಅದನ್ನು ಮಾಡಿ ಜಗಲಿಯಲ್ಲಿ ಇಟ್ಟಿದ್ದಾರೆ.

ಜೂನ್ ಎರಡನೇ ವಾರ ಎರಡು ದಿನ ಬಿಡದೆ ಮಳೆ ಹೊಯ್ಯಿತು. ಮಾಡಿನ ಒಂದು ಮೂಲೆಯಲ್ಲಿ ತೊಟ್ಟಿಕ್ಕಿದ್ದನ್ನು ಮೇಸ್ತ್ರಿ ಬಂದು ಸರಿಮಾಡಿದ ಮೇಲೆ ಕೊನೆಯ ಕಂತು ಹೋಯಿತು. ಎರಡೂ ಹಾಳೆ ಮುದ್ರಿಸಿ ಮನೆ ಪತ್ರದ ಜೊತೆ ಇಡಲು ಕಳಿಸಿದೆ. ಅಮ್ಮ ಓದಿಸಿ ಕೇಳಿ ಒಂದು ತಿದ್ದುಪಡಿ ಹೇಳಿದರು: ಆರು ತಿಂಗಳು ಹತ್ತು ಗಂಟೆಗೂ ನಾಲ್ಕು ಗಂಟೆಗೂ ಏಳೆಂಟು ಜನಕ್ಕೆ ಚಹಾ, ತಿಂಡಿ ಕೊಟ್ಟ ಸೊಸೆಯ ಹೆಸರು ಎರಡನೆಯ ಹಾಳೆಯಲ್ಲಿ ಮೊದಲು ಬರಬೇಕು. ಈಗ ಅದು ಮೊದಲ ಸಾಲಿನಲ್ಲಿದೆ.