"ಕೃಪೆ: ವಾಟ್ಸಾಪ್" ಎಂದು ಹಾಕಿದರೆ ಸಾಕೇ? ಬರಹಗಾರರ ಹಕ್ಕಿನ ಬಗ್ಗೆ ಐದು ತಪ್ಪು ನಂಬಿಕೆಗಳು

ನಮ್ಮ ಪರಿಚಯದ ಒಬ್ಬ ಬರಹಗಾರ್ತಿ ಇದ್ದಾರೆ. ಯಾವ ಪತ್ರಿಕೆಯಲ್ಲೂ ನೌಕರಿಯಲ್ಲಿಲ್ಲ. ಲೇಖನ ಬರೆದು, ಅನುವಾದ ಮಾಡಿ ಜೀವನ ನಡೆಸುತ್ತಾರೆ. ಹಾಸ್ಟೆಲ್ ದಿನಗಳ ಬಗ್ಗೆ ಅವರು ಬರೆದ ಪ್ರಬಂಧವೊಂದು ಭಾನುವಾರದ ಪುರವಣಿಯಲ್ಲಿ ಬಂತು. ಹತ್ತು ದಿನ ಕಳೆಯುವಷ್ಟರಲ್ಲಿ ಅದೇ ಪ್ರಬಂಧ ಅವರ ಮನೆಯವರ ವಾಟ್ಸಾಪ್ ಗುಂಪಿಗೇ ಬಂದು ಬಿತ್ತು. ಕಳಿಸಿದವರು ಅವರ ಚಿಕ್ಕಮ್ಮ. ಮೇಲೆ ಲೇಖಕಿಯ ಹೆಸರಿಲ್ಲ, ಕೆಳಗೆ "ಕೃಪೆ: ವಾಟ್ಸಾಪ್". ಜೊತೆಗೊಂದು ಬುದ್ಧಿಮಾತು: "ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡು. ನೀನೂ ಹೀಗೆ ಬರೆಯೋದು ಕಲಿ."

ಕೇಳಿದಾಗ ನಮಗೂ ನಗು ಬಂತು. ಆದರೆ ಬರವಣಿಗೆಯನ್ನೇ ನಂಬಿದವರಿಗೆ ಹೆಸರೇ ಬಂಡವಾಳ. ಓದಿ ಮೆಚ್ಚಿದ ಸಂಪಾದಕರು, ಪ್ರಕಾಶಕರು ಮುಂದಿನ ಕೆಲಸ ಕೊಡಬೇಕೆಂದರೆ ಬರೆದವರು ಯಾರೆಂದು ಗೊತ್ತಿರಬೇಕು. ಹೆಸರು ಕಳಚಿದ ಬರಹ ಸಾವಿರ ಜನರನ್ನು ತಲುಪಿದರೂ ಬರೆದವರಿಗೆ ಅದರಿಂದ ಒಂದು ಕರೆಯೂ ಬರುವುದಿಲ್ಲ. ಇದು ಹೀಗೆ ನಡೆಯುತ್ತಲೇ ಇರುವುದಕ್ಕೆ ಕೆಲವು ತಪ್ಪು ನಂಬಿಕೆಗಳೂ ಕಾರಣ. ಅವು ಹಂಚುವವರಲ್ಲೂ ಇವೆ, ಬರೆಯುವವರಲ್ಲೂ ಇವೆ. ಒಂದೊಂದಾಗಿ ನೋಡೋಣ.

ನಂಬಿಕೆ 1: ರಿಜಿಸ್ಟರ್ ಮಾಡಿಸದಿದ್ದರೆ ಕಾಪಿರೈಟ್ ಇಲ್ಲ

ತಪ್ಪು. ಭಾರತದಲ್ಲಿ ಇದಕ್ಕಿರುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಅದರ ಪ್ರಕಾರ ಬರಹವೊಂದು ಕಾಗದದ ಮೇಲೋ ಫೋನಿನಲ್ಲೋ ರೂಪ ಪಡೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಅರ್ಜಿ ಬೇಕಿಲ್ಲ, © ಗುರುತೂ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ. ಆದರೆ ಮುಂದೆ ವ್ಯಾಜ್ಯ ಬಂದರೆ ನೋಂದಣಿ ಪುಸ್ತಕದಲ್ಲಿನ ವಿವರವನ್ನು ನ್ಯಾಯಾಲಯ ಮೇಲ್ನೋಟದ ಸಾಕ್ಷ್ಯವಾಗಿ ಒಪ್ಪುತ್ತದೆ. 2013ರ ನಿಯಮಗಳಲ್ಲಿ ಸಾಹಿತ್ಯ ಕೃತಿಯೊಂದಕ್ಕೆ ನಿಗದಿಯಾದ ಶುಲ್ಕ 500 ರೂಪಾಯಿ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಪ್ರತಿ ಲೇಖನಕ್ಕೂ ಇದು ಬೇಕಿಲ್ಲ. ಕಾದಂಬರಿ, ಚಿತ್ರಕಥೆಯಂಥ ದೊಡ್ಡ ಕೆಲಸಕ್ಕೆ ಮಾಡಿಸಿಕೊಂಡರೆ ಒಳ್ಳೆಯದು.

ಇದಕ್ಕೊಂದು ಮಿತಿಯಿದೆ. ರಕ್ಷಣೆ ಸಿಗುವುದು ನೀವು ಬರೆದ ರೀತಿಗೆ, ಬರೆದ ವಿಷಯಕ್ಕಲ್ಲ. 'ಹಮ್ ಹಿಂದುಸ್ತಾನಿ' ನಾಟಕ ಬರೆದ ಆರ್.ಜಿ. ಆನಂದ್, 'ನ್ಯೂ ಡೆಲ್ಲಿ' ಎಂಬ ಹಿಂದಿ ಚಿತ್ರ ತಮ್ಮ ನಾಟಕದ ನಕಲು ಎಂದು ದಾವೆ ಹೂಡಿದ್ದರು. 1978ರಲ್ಲಿ ಸುಪ್ರೀಂ ಕೋರ್ಟ್ ಅವರ ವಾದವನ್ನು ಒಪ್ಪಲಿಲ್ಲ. ಆಲೋಚನೆ, ಕಥಾವಸ್ತುಗಳ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ ಎಂದಿತು. ಹಾಸ್ಟೆಲ್ ಬಗ್ಗೆ ಯಾರು ಬೇಕಾದರೂ ಬರೆಯಬಹುದು. ನಿಮ್ಮ ವಾಕ್ಯಗಳನ್ನು ಎತ್ತಿಕೊಳ್ಳುವಂತಿಲ್ಲ.

ನಂಬಿಕೆ 2: ಹಸ್ತಪ್ರತಿಯನ್ನು ನಮ್ಮ ವಿಳಾಸಕ್ಕೆ ನಾವೇ ಅಂಚೆಯಲ್ಲಿ ಕಳಿಸಿಕೊಂಡರೆ ಕಾಪಿರೈಟ್ ಸಿಕ್ಕಂತೆ

ಲಕೋಟೆ ಒಡೆಯದೆ ಇಟ್ಟುಕೊಂಡರೆ ಅಂಚೆ ಮುದ್ರೆಯ ದಿನಾಂಕವೇ ಪುರಾವೆ ಎಂಬುದು ಇದರ ಹಿಂದಿನ ತರ್ಕ. ಇದು ಬೇರೆ ದೇಶಗಳಲ್ಲೂ ಇರುವ ಹಳೆಯ ನಂಬಿಕೆ. ಇಂಥ ರಕ್ಷಣೆ ತನ್ನ ಕಾನೂನಿನಲ್ಲಿ ಇಲ್ಲವೆಂದು ಅಮೆರಿಕದ ಕಾಪಿರೈಟ್ ಕಚೇರಿಯೇ ಹೇಳಿದೆ. ನಮ್ಮ ಕಾಯ್ದೆಯಲ್ಲೂ ಇದರ ಪ್ರಸ್ತಾಪವಿಲ್ಲ. ಹಕ್ಕು ಬರೆದಾಗಲೇ ಬಂದಿರುವುದರಿಂದ ಲಕೋಟೆ ಹೊಸದಾಗಿ ಏನನ್ನೂ ಕೊಡುವುದಿಲ್ಲ. ಪುರಾವೆಯಾಗಿಯೂ ಅದು ದುರ್ಬಲ, ಏಕೆಂದರೆ ಅಂಟಿಸದ ಖಾಲಿ ಲಕೋಟೆ ಕಳಿಸಿ, ಆಮೇಲೆ ಒಳಗೆ ಏನನ್ನಾದರೂ ಇಡಬಹುದಲ್ಲ!

ನಂಬಿಕೆ 3: ಸಂಭಾವನೆ ಕೊಟ್ಟ ಮೇಲೆ ಬರಹ ಪತ್ರಿಕೆಯದು

ಇದು ನೌಕರಿಯ ಮೇಲೆ ನಿಂತಿದೆ. ಪತ್ರಿಕೆಯ ಉದ್ಯೋಗಿ ಕೆಲಸದ ಭಾಗವಾಗಿ ಬರೆದರೆ ಅದನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಆದರೆ ಸ್ವತಂತ್ರ ಬರಹಗಾರರು ಉದ್ಯೋಗಿಗಳಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಒಡೆತನ ಬರೆದವರದೇ. ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಲು ಲಿಖಿತ ಪತ್ರ ಮತ್ತು ನಿಮ್ಮ ಸಹಿ ಬೇಕು. ಆ ಪತ್ರದಲ್ಲಿ ಎಷ್ಟು ವರ್ಷ ಎಂದು ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ ಎಂದು, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ಭಾವಿಸುತ್ತದೆ.

ಹಾಗಾಗಿ "ಎಲ್ಲ ಹಕ್ಕುಗಳೂ ಶಾಶ್ವತವಾಗಿ ನಮ್ಮವು" ಎಂಬ ಸಾಲು ಕಂಡರೆ ಸಹಿ ಹಾಕುವ ಮೊದಲು ಎರಡು ಸಲ ಯೋಚಿಸಿ. ಇಂದಿನ ಅಂಕಣ ನಾಳೆ ಪುಸ್ತಕವಾಗಬಹುದು, ಧ್ವನಿಪುಸ್ತಕವಾಗಬಹುದು.

ನಂಬಿಕೆ 4: ತೀರಿಕೊಂಡ ಸಾಹಿತಿಗಳ ಬರಹ ಎಲ್ಲರ ಸ್ವತ್ತು

ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ ಎಣಿಸಿ 60 ವರ್ಷ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಬರಹಗಳ ಅವಧಿ ಮುಗಿದಿದೆ. ಡಿ.ವಿ.ಜಿ. ತೀರಿಕೊಂಡಿದ್ದು 1975ರಲ್ಲಿ. ಈ ಲೆಕ್ಕದಲ್ಲಿ ಅವರ ಜೀವಿತಕಾಲದಲ್ಲೇ ಪ್ರಕಟವಾದ ಕಗ್ಗದ ಅವಧಿ 2035ರ ಕೊನೆಯವರೆಗಿದೆ. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಜೀವಿತಕಾಲದ ಕೃತಿಗಳಿಗೆ 2054ರ ಕೊನೆಯವರೆಗೆ.

ನಂಬಿಕೆ 5: ದುಡ್ಡು ಮಾಡುತ್ತಿಲ್ಲವಲ್ಲ, "ಕೃಪೆ" ಎಂದೂ ಹಾಕಿದ್ದೇನೆ

ಸ್ವಂತ ಓದಿಗೆ ಇಟ್ಟುಕೊಳ್ಳಲು, ವಿಮರ್ಶೆಗಾಗಿ ಕೆಲವು ಸಾಲು ಉಲ್ಲೇಖಿಸಲು ಕಾನೂನೇ ವಿನಾಯಿತಿ ಕೊಟ್ಟಿದೆ. ಇಡೀ ಬರಹವನ್ನು ನೂರಾರು ಜನರ ಗುಂಪುಗಳಿಗೆ ಹಂಚುವುದನ್ನು ಆ ವಿನಾಯಿತಿಯೊಳಗೆ ತರುವುದು ಕಷ್ಟ. ಇನ್ನು "ಕೃಪೆ: ವಾಟ್ಸಾಪ್" ಎನ್ನುವುದಂತೂ ಪತ್ರ ತಂದುಕೊಟ್ಟ ಅಂಚೆಯಣ್ಣನೇ ಪತ್ರ ಬರೆದ ಎಂದಂತೆ. ವಾಟ್ಸಾಪ್ ಏನನ್ನೂ ಬರೆಯುವುದಿಲ್ಲ. ಕಾಯ್ದೆಯ 57ನೇ ವಿಧಿಯ ಪ್ರಕಾರ, ಹಕ್ಕನ್ನು ಪೂರ್ತಿ ಮಾರಿದ ಮೇಲೂ "ಇದು ನಾನು ಬರೆದದ್ದು" ಎಂದು ಹೇಳಿಕೊಳ್ಳುವ ಹಕ್ಕು ಲೇಖಕರಲ್ಲೇ ಉಳಿಯುತ್ತದೆ. ತಮ್ಮ ಗೌರವಕ್ಕೆ ಕುಂದು ಬರುವಂತೆ ಬರಹವನ್ನು ತಿರುಚಿದರೆ ಆಕ್ಷೇಪಿಸುವ ಹಕ್ಕೂ ಅವರದೇ.

ಬರೆಯುವವರು ಏನು ಮಾಡಬಹುದು?

ಕರಡು ಅಳಿಸಬೇಡಿ. ಗೂಗಲ್ ಡಾಕ್ಸ್‌ನಂಥ ಕಡೆ ಬರೆದರೆ ಯಾವ ದಿನ ಏನು ತಿದ್ದಿದಿರಿ ಎಂಬ ಇತಿಹಾಸ ತಾನಾಗಿಯೇ ಉಳಿಯುತ್ತದೆ. ಸಂಪಾದಕರಿಗೆ ಬರಹವನ್ನು ಇಮೇಲ್‌ನಲ್ಲೇ ಕಳಿಸಿ. ದಿನಾಂಕದ ವಿಷಯದಲ್ಲಿ ಲಕೋಟೆಗಿಂತ ಇದು ಗಟ್ಟಿ. ಎಲೆಕ್ಟ್ರಾನಿಕ್ ದಾಖಲೆಗಳನ್ನು ಅಗತ್ಯ ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಿ ಒಪ್ಪಲು ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಅವಕಾಶವಿದೆ.

ಮೂರು ಪ್ರತಿ ಇಟ್ಟುಕೊಳ್ಳಿ. ಒಂದು ಕಂಪ್ಯೂಟರ್ ಅಥವಾ ಫೋನಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಆನ್‌ಲೈನ್ ಖಾತೆಯಲ್ಲಿ. ಫೋನ್ ಕಳೆದರೆ ಬರಹದ ಜೊತೆ ಪುರಾವೆಯೂ ಹೋಗಬಾರದು.

ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿರುವ ಬರಹ ಹುಡುಕಾಟದಲ್ಲಿ ಸಿಗುವುದಿಲ್ಲ. ಅವನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಆಮೇಲೆ ನಿಮ್ಮ ಬರಹದ ಒಂದು ವಿಶಿಷ್ಟ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಬೇರೆ ಜಾಲತಾಣಗಳು ನಕಲು ಮಾಡಿದ್ದರೆ ಸಿಗಬಹುದು. ವಾಟ್ಸಾಪ್ ಗುಂಪಿನೊಳಗಿನದು ಮಾತ್ರ ಹೀಗೆ ಸಿಗದು.

ಹೆಸರನ್ನು ಒಂದೇ ಕಡೆ ಹಾಕಬೇಡಿ. ನಕಲು ಮಾಡುವಾಗ ಸುಲಭವಾಗಿ ಬಿಟ್ಟುಹೋಗುವುದು ಮೇಲಿನ ಮತ್ತು ಕೊನೆಯ ಸಾಲು. ಸಂದರ್ಭ ಒಗ್ಗಿದರೆ ಬರಹದ ನಡುವೆಯೂ ನಿಮ್ಮ ಹೆಸರು ಬರಲಿ. "ಅಮ್ಮ ನನ್ನನ್ನು ಕರೆಯುತ್ತಿದ್ದುದು..." ಎಂಬಂಥ ಸಾಲನ್ನು ಕತ್ತರಿಸುವುದು ಕಷ್ಟ.

ಮಾತನ್ನು ಬರಹಕ್ಕೆ ಇಳಿಸಿ. ಫೋನಿನಲ್ಲಿ ಒಪ್ಪಿಕೊಂಡ ಮೇಲೆ ಒಂದು ಇಮೇಲ್ ಹಾಕಿ: ಎಷ್ಟು ಪದ, ಎಷ್ಟು ಸಂಭಾವನೆ, ಯಾವಾಗ ಪಾವತಿ, ಒಮ್ಮೆ ಪ್ರಕಟಿಸಲು ಅನುಮತಿಯೋ ಪೂರ್ತಿ ಹಕ್ಕೋ. ಇದು ಅಪನಂಬಿಕೆಯಲ್ಲ, ಇಬ್ಬರಿಗೂ ನೆನಪಿನ ಚೀಟಿ.

ನಕಲು ಕಂಡರೆ ಮೊದಲು ದಿನಾಂಕ ಸಮೇತ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಹಾಕಿದವರಿಗೆ ಸೌಜನ್ಯದಿಂದಲೇ ಹೇಳಿ. ಎಷ್ಟೋ ಜನರಿಗೆ ಅದು ಯಾರದೆಂದು ಗೊತ್ತಿರುವುದಿಲ್ಲ. ಒಪ್ಪದಿದ್ದರೆ ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಕಾಪಿರೈಟ್ ದೂರಿಗೆಂದೇ ನಮೂನೆಗಳಿವೆ. ಪುಸ್ತಕ, ಸಿನಿಮಾದಂಥ ದೊಡ್ಡ ವಿಷಯವಾದರೆ ವಕೀಲರನ್ನು ಕಾಣಿ.

ಹಂಚುವವರು ಏನು ಮಾಡಬಹುದು?

ಹೆಸರಿದ್ದರೆ ತೆಗೆಯಬೇಡಿ. ಇಡೀ ಬರಹದ ಬದಲು ಮೂಲದ ಲಿಂಕ್ ಕಳಿಸಿ. ಹೆಸರಿಲ್ಲದ ಬರಹ ಬಂದರೆ ಅದರ ಒಂದು ಸಾಲನ್ನು ಗೂಗಲ್‌ನಲ್ಲಿ ಹುಡುಕಿ, ಅರ್ಧ ನಿಮಿಷ ಸಾಕು. ಸಿಗದಿದ್ದರೆ "ಬರೆದವರು ಯಾರೆಂದು ತಿಳಿದವರು ಹೇಳಿ" ಎಂದು ಗುಂಪಿನಲ್ಲಿ ಕೇಳಿ. ಊಹೆಯ ಮೇಲೆ ಯಾವುದೋ ದೊಡ್ಡ ಸಾಹಿತಿಯ ಹೆಸರು ಅಂಟಿಸಬೇಡಿ. ಅದರಿಂದ ಬರೆದವರಿಗೂ ಅನ್ಯಾಯ, ಆ ಸಾಹಿತಿಗೂ ಅನ್ಯಾಯ.

ಅಂದ ಹಾಗೆ, ನಮ್ಮ ಬರಹಗಾರ್ತಿ ಆ ದಿನ ಗುಂಪಿನಲ್ಲಿ ಪುರವಣಿಯ ಫೋಟೊ ಹಾಕಿ, "ಚಿಕ್ಕಮ್ಮ, ಇದು ನಾನೇ ಬರೆದಿದ್ದು" ಎಂದರಂತೆ. ಚಿಕ್ಕಮ್ಮ ತಮಗೆ ಅದನ್ನು ಕಳಿಸಿದ ಗುಂಪಿಗೆ ಆ ಫೋಟೊವನ್ನೂ ಕಳಿಸಿ, "ಇದನ್ನು ಬರೆದವಳು ನಮ್ಮ ಹುಡುಗಿ" ಎಂದು ಹಾಕಿದರಂತೆ. ಅಂಥ ಫಾರ್ವರ್ಡ್‌ಗಳು ಇನ್ನಷ್ಟು ಬರಲಿ.