ಕೆಟ್ಟ ಎಂಜಿನ್: ದುರಸ್ತಿಯೋ, ಬದಲಾವಣೆಯೋ?

ಹೊಸಪೇಟೆ: ಸಂಡೂರಿನ ಅದಿರು ಲಾರಿಗಳ ಹಾದಿಯಲ್ಲಿ ನಿತ್ಯ ಓಡಾಡುವ ಕಾರುಗಳಿಗೆ ಕೆಂಪು ಧೂಳೇ ಮೊದಲ ಶತ್ರು. ಏರ್ ಫಿಲ್ಟರ್ ಹಾಳಾಗಿದ್ದರೆ ಅದಿರಿನ ಗಡಸು ಕಣಗಳು ಒಳಸೇರಿ ಸಿಲಿಂಡರ್ ಹಾಗೂ ಪಿಸ್ಟನ್ ರಿಂಗುಗಳನ್ನು ಸವೆಸುತ್ತವೆ. ನೀಲಿ ಹೊಗೆ, ಕುಗ್ಗಿದ ಪಿಕಪ್, ಬೇಗ ಇಳಿಯುವ ಆಯಿಲ್ ಇದರ ಲಕ್ಷಣಗಳು.

ಆದರೆ ಹೊಗೆ ಕಂಡ ಮಾತ್ರಕ್ಕೆ ಎಂಜಿನ್ ಬದಲಿಸಬೇಕಿಲ್ಲ. ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ಎಂಜಿನ್ ಬಿಚ್ಚಿಸಿ ಸವೆತ ಅಳೆಸಬೇಕು. ರಿಂಗು, ಬೇರಿಂಗು, ಹೆಡ್ ಗ್ಯಾಸ್ಕೆಟ್‌ಗಳಷ್ಟೇ ಕೆಟ್ಟಿದ್ದರೆ ದುರಸ್ತಿಯೇ ಲೇಸು. ಸಿಲಿಂಡರ್ ಸವೆದಿದ್ದರೂ ಹಲವು ಎಂಜಿನ್‌ಗಳಲ್ಲಿ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಕೂಡಿಸಬಹುದು. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದಿದ್ದರೆ ಮಾತ್ರ ಬದಲಾವಣೆ ಬಹುತೇಕ ಅನಿವಾರ್ಯ.

ಬಳಸಿದ ಎಂಜಿನ್ ಕೊಳ್ಳುವವರು ಬಿಲ್ ಪಡೆದು ಎಂಜಿನ್ ಸಂಖ್ಯೆಯನ್ನು ತಾಳೆ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯಂತೆ ಈ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ಕೆಎ–35 ಸಂಖ್ಯೆಯ ಕಾರುಗಳು ನೋಂದಣಿಯಾಗಿರುವುದು ಹೊಸಪೇಟೆಯ ಸಾರಿಗೆ ಕಚೇರಿಯಲ್ಲಿ. ದಾಖಲಿಸದಿದ್ದರೆ ವಿಮೆ, ಮಾರಾಟ ಎರಡಕ್ಕೂ ತೊಡಕು.

ಖಾಸಗಿ ಕಾರಿನ ಮೊದಲ ನೋಂದಣಿ ಅವಧಿ 15 ವರ್ಷ. ಅದು ಮುಗಿಯುತ್ತ ಬಂದಿದ್ದು, ಖರ್ಚು ಕಾರಿನ ಬೆಲೆಯನ್ನೇ ಮುಟ್ಟುವುದಾದರೆ ಕಾರು ಮಾರುವುದೇ ಜಾಣತನ. ಉಳಿಸಿಕೊಳ್ಳುವವರು ಮೊದಲು ಧೂಳು ನುಗ್ಗಿದ ದಾರಿ ಮುಚ್ಚಿಸಬೇಕು. ಇಲ್ಲವಾದರೆ ಹೊಸ ಎಂಜಿನ್‌ಗೂ ಅದೇ ಗತಿ.