ಹಾಜರಿ ಹಾಳೆ ಓದಿದ ದಿನ

ರಾಜಸ್ಥಾನದ ಮಧ್ಯಭಾಗದಲ್ಲಿ, ಅರಾವಳಿ ಬೆಟ್ಟಗಳ ಸೆರಗಿನಲ್ಲಿ ಭೀಮ್ ಅಂತ ಒಂದು ಊರಿದೆ. ಬರ ಅಲ್ಲಿ ಮನೆಮಗನ ಹಾಗೆ, ಕರೆಯದಿದ್ದರೂ ಬಂದು ಪಂಕ್ತಿಯಲ್ಲಿ ಕೂರುತ್ತದೆ. ಮಳೆ ಕೈಕೊಟ್ಟ ವರ್ಷ ಸರ್ಕಾರ ಕೆರೆ ಹೂಳೆತ್ತಿಸುತ್ತಿತ್ತು, ರಸ್ತೆಗೆ ಮಣ್ಣು ಹಾಕಿಸುತ್ತಿತ್ತು. ನಮ್ಮ ಹಿರಿಯರು ಬರಗಾಲದ ಕಾಮಗಾರಿ ಅನ್ನುತ್ತಿದ್ದರಲ್ಲ, ಅಲ್ಲಿ ಅದಕ್ಕೆ 'ಅಕಾಲ್ ರಾಹತ್' ಎಂದು ಹೆಸರು. ಬೆಳಗಿನಿಂದ ಸಂಜೆವರೆಗೆ ಬುಟ್ಟಿ ಹೊತ್ತರೂ ಬಟವಾಡೆಯ ದಿನ ಕೈಗೆ ಸಿಗುತ್ತಿದ್ದದ್ದು ಕನಿಷ್ಠ ಕೂಲಿಗಿಂತ ಎಷ್ಟೋ ಕಡಿಮೆ. ಯಾಕೆ ಅಂತ ಕೇಳಿದರೆ, 'ನೀವು ಪೂರ್ತಿ ಕೆಲಸ ಮಾಡಿಲ್ಲ, ಕಾಗದದಲ್ಲಿ ಇದೆ' ಎಂಬ ಉತ್ತರ. ಕಾಗದ ತೋರಿಸಿ ಅಂದರೆ, 'ಅದು ಸರ್ಕಾರಿ ದಾಖಲೆ, ತೋರಿಸೋಕೆ ಬರಲ್ಲ.'

ಕೂಲಿಯ ವಿಚಾರ ಕೋರ್ಟಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಬರದ ಕೆಲಸ ಅಂದರೆ ಪರಿಹಾರ, ಉದ್ಯೋಗವಲ್ಲ, ಆದ್ದರಿಂದ ಕಡಿಮೆ ಕೊಟ್ಟರೂ ನಡೆಯುತ್ತದೆ ಎಂಬುದು ರಾಜಸ್ಥಾನ ಸರ್ಕಾರದ ವಾದ. ಅದಕ್ಕೆಂದೇ 1964ರ ಒಂದು ಕಾಯ್ದೆಯನ್ನೂ ಇಟ್ಟುಕೊಂಡಿತ್ತು. ಅಜ್ಮೇರ್ ಜಿಲ್ಲೆಯ ಒಂದು ರಸ್ತೆ ಕೆಲಸದ ಪ್ರಕರಣದಲ್ಲಿ, 1983ರಲ್ಲಿ, ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಹಸಿದವನ ಅಸಹಾಯಕತೆಯನ್ನು ಬಳಸಿಕೊಂಡು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಬಿಟ್ಟಿ ಚಾಕರಿಗೇ ಸಮ ಎಂದಿತು. ತೀರ್ಪು ದೆಹಲಿಯಲ್ಲಿ ಉಳಿಯಿತು, ಕೂಲಿ ಇದ್ದಲ್ಲೇ ಇತ್ತು.

1987ರಲ್ಲಿ ಭೀಮ್ ಹತ್ತಿರದ ದೇವಡುಂಗ್ರಿ ಎಂಬ ಪುಟ್ಟ ಹಳ್ಳಿಗೆ ಕೆಲವರು ಬಂದು ಒಂದು ಮಣ್ಣಿನ ಮನೆಯಲ್ಲಿ ಬಿಡಾರ ಹೂಡಿದರು. ಐಎಎಸ್ ಬಿಟ್ಟು ಬಂದಿದ್ದ ಅರುಣಾ ರಾಯ್, ಯುವಕ ನಿಖಿಲ್ ಡೇ, ಬೊಂಬೆ ಆಡಿಸುತ್ತ, ಹಾಡುತ್ತ ಜನರನ್ನು ನಗಿಸುತ್ತಿದ್ದ ಶಂಕರ್ ಸಿಂಗ್ ಮತ್ತು ಅವರ ಕುಟುಂಬ. ಹಳ್ಳಿಯವರ ಜೊತೆ ಸೇರಿ 1990ರ ಮೇ 1ರಂದು ಅವರು ಕಟ್ಟಿದ್ದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್. ಮೊದಲು ಹಿಡಿದದ್ದು ಕೂಲಿಯ ಜಗಳವನ್ನೇ. ಅರ್ಜಿ ಕೊಟ್ಟರು, ಉಪವಾಸ ಕೂತರು. ಅಧಿಕಾರಿಗಳು ಬಂದು ಭರವಸೆ ಕೊಡುತ್ತಿದ್ದರು, ಆಮೇಲೆ ಮತ್ತೆ ಅದೇ ಕಾಗದದ ಮಾತು. ಆ ಕಾಗದ ಹೊರಗೆ ಬರುವ ತನಕ ಊರಿನ ಕಣ್ಣಿಗೆ ನಾವೇ ಸುಳ್ಳರು ಎಂಬುದು ಕೂಲಿಯವರಿಗೇ ಹೊಳೆಯಿತು. ಮುಂದೆ ನಡೆದದ್ದನ್ನು ಆವಿಷ್ಕಾರ ಅನ್ನುವುದಾದರೆ ಅದರ ಮೊದಲ ಮಿಂಚು ಇದೇ, ಅದೂ ಓದುಬರಹ ಬಾರದವರ ತಲೆಯಲ್ಲಿ.

ಆ ಕಾಗದದಲ್ಲಿ ಏನಿರುತ್ತಿತ್ತು? ಮಸ್ಟರ್ ರೋಲ್ ಎಂಬ ಉದ್ದನೆಯ ಹಾಜರಿ ಹಾಳೆ. ಎಡಗಡೆ ಹೆಸರು, ತಂದೆಯ ಅಥವಾ ಗಂಡನ ಹೆಸರು, ಆಮೇಲೆ ದಿನಕ್ಕೊಂದರಂತೆ ಚೌಕ, ಕೊನೆಯಲ್ಲಿ ಮೊತ್ತ, ಅದರ ಪಕ್ಕ ಹೆಬ್ಬೆಟ್ಟು. ಇದರ ಜೊತೆಗೆ ಎಂಜಿನಿಯರರ ಅಳತೆ ಪುಸ್ತಕ. ಗುಂಪು ಅಗೆದ ಒಟ್ಟು ಮಣ್ಣನ್ನು ಅಳೆದು, ಹಾಜರಿಯಲ್ಲಿರುವ ತಲೆಗಳಿಗೆ ಹಂಚಿ ಕೂಲಿ ಲೆಕ್ಕ ಹಾಕುವ ಪದ್ಧತಿ. ಮೋಸದ ಕೀಲಿ ಇದ್ದದ್ದು ಇಲ್ಲಿ. ಇಪ್ಪತ್ತು ಜನ ದುಡಿದ ಜಾಗದಲ್ಲಿ ಮೂವತ್ತು ಹೆಸರು ಬರೆದರೆ ಹತ್ತು ಜನರ ದುಡ್ಡು ಯಾರದೋ ಜೇಬಿಗೆ ಹೋಗುತ್ತದೆ, ಅಷ್ಟೇ ಆದರೆ ಹೋಗಲಿ ಅನ್ನಬಹುದಿತ್ತು. ಆದರೆ ಇಪ್ಪತ್ತು ಜನರ ಬೆವರನ್ನು ಮೂವತ್ತರಿಂದ ಭಾಗಿಸಿದಾಗ ಪ್ರತಿಯೊಬ್ಬಳೂ ಮೈಗಳ್ಳಿಯಾಗಿ ಕಾಣುತ್ತಾಳೆ. ಕಳ್ಳತನವಾದದ್ದು ಇವಳ ಕೂಲಿ, ಸೋಮಾರಿ ಎಂಬ ಹೆಸರೂ ಇವಳಿಗೇ. ಈ ಸರಳ ಭಾಗಾಕಾರ ಅರ್ಥವಾದಾಗ ನನಗೆ ಆದ ಸಿಟ್ಟು, ದೊಡ್ಡ ದೊಡ್ಡ ಹಗರಣಗಳ ಸುದ್ದಿ ಓದಿದಾಗಲೂ ಆಗಿರಲಿಲ್ಲ.

ಸರ್ಕಾರದ ಲೆಕ್ಕಪರಿಶೋಧಕರು ಈ ಹಾಳೆಗಳನ್ನು ನೋಡುತ್ತಿರಲಿಲ್ಲವೇ? ನೋಡುತ್ತಿದ್ದರು. ಓಚರಿಗೂ ಹಾಜರಿಗೂ ತಾಳೆ ಹಾಕುತ್ತಿದ್ದರು, ಹಾಜರಿಗೂ ಅಳತೆಗೂ ತಾಳೆ ಹಾಕುತ್ತಿದ್ದರು. ಎಲ್ಲವೂ ಒಬ್ಬನೇ ಕೂತು ಬರೆದದ್ದಾದರೆ ತಾಳೆಯಾಗದೆ ಏನು ಮಾಡೀತು! ಕಾಗದವನ್ನು ನೆಲದ ಜೊತೆ ತಾಳೆ ನೋಡಬಲ್ಲವರು ಊರಿನವರು ಮಾತ್ರ, ಅವರನ್ನು ಯಾರೂ ಕೇಳಿರಲಿಲ್ಲ.

1994ರಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಪಂಚಾಯಿತಿಯ ಕಾಗದ ಸಿಕ್ಕಿತು. ಆಗಿನ್ನೂ ಕೇಳಿದವರಿಗೆ ಕೊಡಲೇಬೇಕು ಎಂಬ ಕಾನೂನಿರಲಿಲ್ಲ, ಒಬ್ಬ ಅಧಿಕಾರಿ ಮನಸ್ಸು ಮಾಡಿದ್ದರಿಂದ ಆದ ಕೆಲಸ ಅದು. ಬರದ ಕೆಲಸವೊಂದೇ ಅಲ್ಲ, ಪಂಚಾಯಿತಿ ಮಾಡಿಸಿದ ಕಟ್ಟಡ, ಕಾಮಗಾರಿಗಳ ಬಿಲ್ಲುಗಳೂ ಅದರಲ್ಲಿದ್ದವು. ಸಂಘಟನೆಯವರು ಮನೆಮನೆಗೆ ಹೋಗಿ ವಿಚಾರಿಸಿದರು. ಪತ್ರಿಕಾಗೋಷ್ಠಿ ಕರೆಯಬಹುದಿತ್ತು, ಕೋರ್ಟಿಗೆ ಹೋಗಬಹುದಿತ್ತು. ಅವರು ಮಾಡಿದ್ದು ಬೇರೆ. ಡಿಸೆಂಬರ್ 2ರಂದು ಊರವರನ್ನೆಲ್ಲ ಸೇರಿಸಿ, ಹೊರಗಿನ ಕೆಲವರನ್ನು ಸಾಕ್ಷಿಗೆ ಕೂರಿಸಿ, ಮೈಕಿನಲ್ಲಿ ಆ ಹಾಳೆಗಳನ್ನು ಗಟ್ಟಿಯಾಗಿ ಓದಿದರು. ಭಾಷಣವಿಲ್ಲ, ಬರೀ ಹೆಸರು, ದಿನ, ರೂಪಾಯಿ. ಹೆಸರು ಬಂದವರು ಎದ್ದು ನಿಂತು, ನಾನು ಆ ಕೆಲಸಕ್ಕೆ ಹೋಗೇ ಇಲ್ಲ ಅನ್ನುವುದು. ಪೂರ್ತಿಯಾಗಿದೆ ಎಂದು ದುಡ್ಡು ಎತ್ತಿದ ಕಟ್ಟಡ ಅರ್ಧಕ್ಕೇ ನಿಂತಿದೆ ಎಂದು ಜನ ಬೆರಳು ತೋರಿಸುವುದು. ಅದಕ್ಕೆ ಅವರಿಟ್ಟ ಹೆಸರು 'ಜನ್ ಸುನ್‌ವಾಯಿ', ಅಂದರೆ ಜನರೇ ನಡೆಸುವ ವಿಚಾರಣೆ. ಊರ ಪಂಚಾಯಿತಿ ಕಟ್ಟೆ ನೋಡಿದವರಿಗೆ ಇದೇನು ಹೊಸದಲ್ಲ ಅನ್ನಿಸಬಹುದು. ಕಟ್ಟೆ ಹಳೆಯದೇ, ಆದರೆ ಸರ್ಕಾರದ ಲೆಕ್ಕವನ್ನು ಕಟ್ಟೆಗೆ ತಂದದ್ದು ಅದೇ ಮೊದಲು.

ಮುಂದಿನ ತಿಂಗಳುಗಳಲ್ಲಿ ಭೀಮ್ ಸೇರಿ ಇನ್ನೂ ನಾಲ್ಕು ಕಡೆ ಇದೇ ನಡೆಯಿತು. ಕಾಗದ ಕೊಡಬೇಕಾಗಿದ್ದ ಗ್ರಾಮಸೇವಕರು ಕೊಡುವುದಿಲ್ಲ ಎಂದು ಮುಷ್ಕರಕ್ಕೇ ಇಳಿದರು. ಹಾಜರಿ ಹಾಳೆಯ ಒಂದು ನಕಲಿಗೆ ಇಷ್ಟು ಹೆದರಿಕೆ ಇದೆ ಎಂದಾದರೆ ಅದರ ಬೆಲೆ ಎಷ್ಟು ಅಂತ ಜನರಿಗೆ ತಿಳಿಯದೇ ಇರುತ್ತದೆಯೇ? 1995ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ವಿಧಾನಸಭೆಯಲ್ಲಿ, ಕೇಳಿದವರಿಗೆಲ್ಲ ನಕಲು ಕೊಡುತ್ತೇವೆ ಎಂದರು. ವರ್ಷ ಕಳೆದರೂ ಆದೇಶ ಬರಲಿಲ್ಲ. 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದ ಚಾಂಗ್ ಗೇಟ್ ಬಳಿ ಧರಣಿ ಶುರುವಾಗಿ ನಲವತ್ತು ದಿನ ನಡೆಯಿತು. ಹಳ್ಳಿಯವರು ಕಾಳು ತಂದರು, ಪೇಟೆಯ ವ್ಯಾಪಾರಿಗಳು ತರಕಾರಿ ಕೊಟ್ಟರು. 'ಹಮಾರಾ ಪೈಸಾ, ಹಮಾರಾ ಹಿಸಾಬ್' ಎಂಬ ಕೂಗು ದೇಶಕ್ಕೆ ಕೇಳಿಸಿತು.

1997ರಲ್ಲಿ ಜೈಪುರದಲ್ಲಿ ಮತ್ತೊಂದು ಧರಣಿ, ಐವತ್ತಮೂರು ದಿನ. ಕೊನೆಗೆ ಉಪಮುಖ್ಯಮಂತ್ರಿಗಳು ಹೇಳಿದ್ದು ಏನು ಗೊತ್ತೆ? ಪಂಚಾಯಿತಿ ದಾಖಲೆಗಳ ನಕಲು ಕೊಡಬೇಕೆಂಬ ಆದೇಶ ಆರು ತಿಂಗಳ ಹಿಂದೆಯೇ ಗೆಜೆಟ್‌ನಲ್ಲಿ ಪ್ರಕಟವಾಗಿದೆಯಂತೆ! ಮಾಹಿತಿ ಕೊಡಿ ಎಂಬ ಆದೇಶವನ್ನೇ ಯಾರಿಗೂ ತಿಳಿಸದೆ ಬೀರುವಿನಲ್ಲಿ ಇಟ್ಟಿದ್ದರು.

ಆಮೇಲಿನದು ಬೇಗ ಬೇಗ ನಡೆಯಿತು. 2000ದಲ್ಲಿ ರಾಜಸ್ಥಾನಕ್ಕೂ ನಮ್ಮ ಕರ್ನಾಟಕಕ್ಕೂ ಒಂದೊಂದು ಮಾಹಿತಿ ಹಕ್ಕು ಕಾಯ್ದೆ, 2005ರ ಅಕ್ಟೋಬರ್ 12ರಿಂದ ಇಡೀ ದೇಶಕ್ಕೆ ಒಂದು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕೋಟ್ ಕಿರಾನಾದ ಓದು 'ಸಾಮಾಜಿಕ ಪರಿಶೋಧನೆ' ಎಂಬ ಭಾರದ ಹೆಸರು ಹೊತ್ತು ಗ್ರಾಮಸಭೆಯ ಕೆಲಸವಾಯಿತು. ಹಾಗೆಂದು ಬಾಗಿಲುಗಳೆಲ್ಲ ತೆರೆದಿವೆ ಎಂದಲ್ಲ. ಕೋವಿಡ್ ಕಾಲದಲ್ಲಿ ಹುಟ್ಟಿದ ಪಿಎಂ ಕೇರ್ಸ್ ನಿಧಿಯ ಬಗ್ಗೆ 2020ರಲ್ಲಿ ಅರ್ಜಿ ಹಾಕಿದವರಿಗೆ, ಅದು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವ ಪ್ರಾಧಿಕಾರವೇ ಅಲ್ಲ ಎಂಬ ಉತ್ತರ ಬಂತು. ದೇವಡುಂಗ್ರಿಯವರಿಗೆ ಈ ದನಿ ಪರಿಚಯದ್ದೇ.

ನಮ್ಮಲ್ಲಿ ಈಗ ಬೆಳೆ ಪರಿಹಾರ ನೇರ ಖಾತೆಗೆ ಬೀಳುತ್ತದೆ, ಊರುವಾರು ಪಟ್ಟಿಯನ್ನು ಫೋನಿನಲ್ಲೇ ನೋಡಬಹುದು. ರಾಜಸ್ಥಾನದ 2019ರ ಜನ್ ಸೂಚನಾ ಜಾಲತಾಣದ ಮಾದರಿಯಲ್ಲಿ ಬಂದ 'ಮಾಹಿತಿ ಕಣಜ'ವೂ ಇದೆ. ಕಣಜ ಅಂತ ಹೆಸರಿಟ್ಟವರು ಯಾರೋ, ಅವರಿಗೊಂದು ನಮಸ್ಕಾರ. ಕಣಜದಿಂದ ಕಾಳು ಇಳಿಸುವವರು ಮಾತ್ರ ಕಡಿಮೆ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಣ್ಣನ ಮಗನಿಗೆ ಆ ಪಟ್ಟಿ ತೆಗೆಸಿ, ಅರಳಿಕಟ್ಟೆಯ ಮೇಲೆ ಕೂರಿಸಿ, ಓದೋ ಮಾರಾಯ ಅಂದೆ. ಹುಡುಗ ನಾಚಿಕೊಂಡೇ ಶುರು ಮಾಡಿದ. ಆರೇಳು ಹೆಸರಾದ ಮೇಲೆ ಒಂದು ಹೆಸರಿಗೆ ಕಟ್ಟೆ ಸುಮ್ಮನಾಯಿತು.

'ಅವನು ಬೆಂಗಳೂರು ಸೇರಿ ಹತ್ತು ವರ್ಷ ಆತು. ಹೊಲದಾಗ ಜಾಲಿ ಬೆಳದೈತಿ' ಎಂದರು ಬಸಪ್ಪಜ್ಜ. 'ಯಾವ ಬೆಳಿ ಹಾಳಾತಂತ?'

ಯಾರೋ ನಕ್ಕರು. ಅಜ್ಜ ನಗಲಿಲ್ಲ. ಹುಡುಗನ ಕಡೆ ತಿರುಗಿ, 'ಹೂಂ, ಮುಂದಿಂದು ಓದಪಾ' ಅಂದರು.